ನಲಿ-ಕಲಿ ಕೊಠಡಿಯಲ್ಲಿ ಒಂದು ವಾರ ಹೇಗೆ ನಡೆಸ್ತೀರಿ? ಅನುಭವ ಇರೋರು ಹೇಳಿ

ಪ್ರಶ್ನೆ: ಹೊಸ ಟೀಚರ್, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ಜೂನ್‌ನಿಂದ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ ಆಗಿದ್ದೇನೆ. ಒಂದು, ಎರಡು, ಮೂರನೇ ತರಗತಿ ಒಂದೇ ಕೊಠಡಿ, ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಾರ್ಡ್ ಹಿಡಿದು ಕಲಿಯೋ ನಲಿ-ಕಲಿ ಪದ್ಧತಿ. ಒಟ್ಟು 21 ಮಕ್ಕಳು. ಗೋಡೆ ಮೇಲೆ ಕಲಿಕಾ ಏಣಿ (ಯಾವ ಕಾರ್ಡ್ ಆದ ಮೇಲೆ ಯಾವುದು ಅಂತ ತೋರಿಸೋ ಪಟ್ಟಿ) ಇದೆ, ಚಟುವಟಿಕೆ ಕಾರ್ಡ್ ಇವೆ, ಯಾರ ಸಹಾಯದಿಂದ ಕಲೀಬೇಕು ಅನ್ನೋದರ ಮೇಲೆ ಮಕ್ಕಳು ಗುಂಪಾಗಿ ಕೂರೋ ತಟ್ಟೆಗಳೂ ಇವೆ. ಮಕ್ಕಳು ಕಾರ್ಡಿನ ಚಿತ್ರ ನೋಡಿ ತಮ್ಮ ಮೆಟ್ಟಿಲು ತಾವೇ ಹುಡುಕ್ತಾರೆ. ಅಲ್ಲಿವರೆಗೆ ಚೆನ್ನಾಗಿದೆ.

ಆದರೆ ಹಾಲು ಕುಡಿದು ಕೂತ ಅರ್ಧ ಗಂಟೆಗೆ ಎಲ್ಲರೂ ಕಾರ್ಡ್ ಹಿಡಿದು ನನ್ನ ಸುತ್ತ ನಿಲ್ತಾರೆ. "ಮಿಸ್ ಮುಗೀತು, ಮಿಸ್ ಮುಗೀತು." ಯಾರನ್ನ ನೋಡಲಿ? ಕಳೆದ ಶುಕ್ರವಾರ ಸಂಜೆ ಲೆಕ್ಕ ಹಾಕಿದೆ. ಒಂದನೇ ತರಗತಿಯ ಇಬ್ಬರು ಹುಡುಗರ ಪಕ್ಕ ನಾನು ಇಡೀ ವಾರ ಒಮ್ಮೆಯೂ ಕೂತಿರಲಿಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ. ಸೋಮವಾರದಿಂದ ಶನಿವಾರದವರೆಗೆ ನೀವು ಹೇಗೆ ಹೊಂದಿಸ್ತೀರಿ?

ಉತ್ತರ: ಕೋಟೆ ಟೀಚರ್

ಮೇಡಂ, ಆ ಇಬ್ಬರು ನಿಮ್ಮ ಕಣ್ಣಿಗೆ ಬಿದ್ದರಲ್ಲ, ಅರ್ಧ ಕೆಲಸ ಆಯ್ತು. ನಾನು 16 ವರ್ಷದಿಂದ ನಲಿ-ಕಲಿ ಕೊಠಡಿಯಲ್ಲೇ ಇದ್ದೇನೆ. ನಮ್ಮದು ಎಚ್.ಡಿ. ಕೋಟೆ ಕಡೆ. 1995ರಲ್ಲಿ ಇದು ಶುರುವಾಗಿದ್ದೇ ಇಲ್ಲಿ. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದ ನಮ್ಮ ತಾಲ್ಲೂಕಿನ ಮೇಷ್ಟ್ರುಗಳು ಕೂತು ಕಾರ್ಡ್ ಮಾಡಿದರು. ಹಾಗಾಗಿ ಈ ಪದ್ಧತಿ ಬಗ್ಗೆ ನನಗೆ ಸ್ವಲ್ಪ ಅಭಿಮಾನ ಜಾಸ್ತಿ.

ನನ್ನ ವಾರ ಹೇಳ್ತೀನಿ. ಸೋಮವಾರ ಯಾರಿಗೂ ಹೊಸ ಕಾರ್ಡ್ ಕೊಡಲ್ಲ. ಹವಾಮಾನ ನಕ್ಷೆಯಲ್ಲಿ ಮೋಡವೋ ಬಿಸಿಲೋ ಗುರುತಿಸಿ, ಒಂದು ಹಾಡು ಹೇಳಿ, ಹಳೇ ಕಾರ್ಡನ್ನೇ ಮತ್ತೆ ಮಾಡಿಸ್ತೀನಿ. ಯಾರು ಮರೆತಿದ್ದಾರೆ ಅಂತ ಆಗ ಗೊತ್ತಾಗುತ್ತೆ. ಅವರೇ ಮಂಗಳವಾರ ನನ್ನ ತಟ್ಟೆಗೆ.

ಮಂಗಳವಾರ, ಬುಧವಾರ ನಾನು ಕುರ್ಚಿ ಮುಟ್ಟಲ್ಲ. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆ ಇದೆಯಲ್ಲ, ಅಲ್ಲಿ ನೆಲದ ಮೇಲೆ ಕೂತುಬಿಡ್ತೀನಿ. ಉಳಿದವರು "ಮುಗೀತು" ಅಂತ ಬಂದರೆ ಗೋಡೆ ಹಲಗೆ ತೋರಿಸ್ತೀನಿ. ಅಲ್ಲಿ ಬರೆದಿಟ್ಟು ಪಕ್ಕದವರಿಗೆ ಓದಿ ಹೇಳಬೇಕು, ಆಮೇಲೆ ನಾನು ಬಂದು ನೋಡ್ತೀನಿ. ಇದು ರೂಢಿ ಆಗೋಕೆ ಮೂರು ವಾರ ಬೇಕು. ಅಲ್ಲಿವರೆಗೆ ಗದ್ದಲ ಇರುತ್ತೆ, ಇರಲಿ.

ಎರಡು ವರ್ಷದ ಹಿಂದೆ ಒಬ್ಬ ಹುಡುಗ ಬಾಯಿ ಬಿಡ್ತಾನೇ ಇರಲಿಲ್ಲ. ಮೊದಲ ಅಕ್ಷರಗಳು ರ ಗ ಸ ದ ಅ ಅಲ್ವಾ, ಅದರಲ್ಲಿ "ಗರಗಸ" ಪದ ಬಂತು. ಮೆಲ್ಲಗೆ "ನಮ್ಮನೇಲಿದೆ" ಅಂದ. ಅಪ್ಪ ಮರಗೆಲಸದವರು. ಮಾರನೇ ದಿನ ಅವರು ಕೆಲಸಕ್ಕೆ ಹೋಗೋ ದಾರಿಯಲ್ಲಿ ಗರಗಸ ತಂದು ತೋರಿಸಿದರು. ಮೂರನೇ ತರಗತಿಯವರು ಹತ್ತು ಹಲ್ಲಿಗೊಂದು ಸೀಮೆಸುಣ್ಣದ ಗೆರೆ ಹಾಕಿ ಎಣಿಸಿದರು. ಅವನು ಗೋಡೆ ಹಲಗೆ ತುಂಬ ಗರಗಸ, ಗರಗಸ, ಗರಗಸ ಅಂತ ಬರೆದ. ಬರೆಯೋವಾಗ ನಾಲಿಗೆ ತುದಿ ಹೊರಗಿತ್ತು, ಅಂಗಿ ತೋಳೆಲ್ಲ ಸುಣ್ಣ. ನಾನು ಅವನ ಪಕ್ಕ ಕೂರದೇ ಇದ್ದಿದ್ದರೆ ಆ "ನಮ್ಮನೇಲಿದೆ" ನನಗೆ ಕೇಳಿಸ್ತಾನೇ ಇರಲಿಲ್ಲ.

ಗುರುವಾರ ಗಣಿತ. ಹುಣಸೆ ಬೀಜ, ಹತ್ತತ್ತು ಕಡ್ಡಿಗೆ ರಬ್ಬರ್ ಹಾಕಿದ ಕಟ್ಟು ಸಾಕು. 42ರಲ್ಲಿ 17 ಕಳೆಯೋಕೆ ನಾಲ್ಕು ಕಟ್ಟು, ಎರಡು ಬಿಡಿ ಕಡ್ಡಿ ಇಡಿ. ಎರಡರಲ್ಲಿ ಏಳು ಹೋಗಲ್ಲ ಅಂತ ಮಗು ಸುಮ್ನೆ ಕೂರುತ್ತೆ. ಕಾಯಿರಿ. ರಬ್ಬರ್ ನೀವು ಬಿಚ್ಚಬೇಡಿ, ಮಗುವೇ ಬಿಚ್ಚಬೇಕು. ಶುಕ್ರವಾರ ಪರಿಸರ, ಹೊರಗೆ ಒಂದು ಸುತ್ತು. ಶನಿವಾರ ಬೆಳಗಿನ ಶಾಲೆ. ಮಕ್ಕಳು ಬರೆದಿದ್ದನ್ನ ಕೊಠಡಿಯಲ್ಲಿ ದಾರ ಕಟ್ಟಿ ಮಾಡಿದ ಚಪ್ಪರಕ್ಕೆ ತೂಗು ಹಾಕಿ, ಯಾರು ಯಾವ ಮೆಟ್ಟಿಲಲ್ಲಿದ್ದಾರೆ ಅಂತ ಗುರುತಿಸೋ ಪ್ರಗತಿ ನೋಟ ತುಂಬ್ತೀನಿ. ಅವತ್ತು ಒಂದು ಹಾಳೆಯಲ್ಲಿ 21 ಹೆಸರು ಬರೆದು, ಯಾರ ಪಕ್ಕ ಕೂತಿದ್ದೀರೋ ಅವರಿಗೆ ಟಿಕ್ ಹಾಕಿ. ಟಿಕ್ ಇಲ್ಲದವರು ಮುಂದಿನ ಮಂಗಳವಾರ ಮೊದಲು.

ಉತ್ತರ: ಕೊಪ್ಪಳದ ಮಾಸ್ತರ್

ಅಕ್ಕೋರ ಮಾತು ಸರಿ. ಒಂದು ಸೇರಿಸ್ತೀನಿ. ಸಹಪಾಠಿ ಬೆಂಬಲದ ತಟ್ಟೆ ಅಂತ ಮೂರನೇ ತರಗತಿಯ ಜಾಣ ಹುಡುಗಿಯನ್ನೇ ದಿನಾ ಕೂರಿಸಬೇಡಿ. ನಾನು ಆ ತಪ್ಪು ಮಾಡಿದೆ. ನವೆಂಬರ್‌ನಲ್ಲಿ ನೋಡಿದರೆ ಅವಳ ಏಣಿಯೇ ನಿಂತುಹೋಗಿತ್ತು. ಈಗ ಸರದಿ ಮಾಡಿದ್ದೇನೆ. ಇನ್ನು ಸೋಮವಾರ ನಮ್ಮೂರ ಸಂತೆ, ಅರ್ಧ ಮಕ್ಕಳು ಬರಲ್ಲ. ಹಾಗಾಗಿ ನಮ್ಮ ಮರುಕಲಿಕೆ ಮಂಗಳವಾರ. ನಿಮ್ಮೂರಿನ ಸಂತೆ ದಿನ ನೋಡಿಕೊಳ್ಳಿ.

ಉತ್ತರ: ಒಬ್ಬ ತಾಯಿ

ನಾನು ಟೀಚರ್ ಅಲ್ಲ, ಮಧ್ಯೆ ಕೇಳ್ತಿದ್ದೀನಿ, ಕ್ಷಮಿಸಿ. ನನ್ನ ಮಗಳಿಗೆ ಅ ಆ ಇ ಈ ಕೇಳಿದರೆ ಬರಲ್ಲ, ರ ಗ ಸ ದ ಅ ಅಂತಾಳೆ. ಭಯ ಆಗುತ್ತೆ.

ಉತ್ತರ: ಕೋಟೆ ಟೀಚರ್

ಅಮ್ಮಾ, ಭಯ ಬೇಡ. ಅ ಆ ಇ ಈ ನಾಲ್ಕೂ ಬಂದರೂ ಅದರಲ್ಲಿ ಮಗು ಓದೋ ಪದ ಎಷ್ಟು ಸಿಗುತ್ತೆ ಹೇಳಿ? ಈ ಐದರಲ್ಲಿ ಸರ, ಅರಸ, ಅಗಸ, ದಸರ, ಗರಗಸ ಎಲ್ಲ ಸಿಗುತ್ತೆ. ಆಮೇಲೆ ಜ ವ ಮ ಬ ನ ಬಂದರೆ ಮರ, ಮನ, ಬಸವ, ಜನ. ಎಲ್ಲ ಅಕ್ಷರ ಮುಗಿದ ಮೇಲೆ ವರ್ಣಮಾಲೆ ಸಾಲಾಗಿ ಕಲೀತಾಳೆ. ಇವತ್ತು ರಾತ್ರಿ ಒಂದು ಚೀಟಿಯಲ್ಲಿ "ಸರ" ಬರೆದು ನಿಮ್ಮ ಕೊರಳಿನ ಸರ ತೋರಿಸಿ ಓದಿಸಿ ನೋಡಿ.

ಪ್ರಶ್ನೆ ಕೇಳಿದವರು: ಹೊಸ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಈ ವಾರ ಮಂಗಳವಾರ, ಬುಧವಾರ ಆ ಇಬ್ಬರ ಪಕ್ಕವೇ ಕೂತೆ. ಗದ್ದಲ ಆಯ್ತು, ಪಕ್ಕದ ಕೊಠಡಿಯಿಂದ ಸರ್ ಬಂದು ಇಣುಕಿ ಹೋದರು. ಒಬ್ಬ ಇವತ್ತು "ಸರ" ಅಂತ ತಾನೇ ಬರೆದ. ಆದರೆ ರ ಅಕ್ಷರಕ್ಕೆ ತಲೆಕಟ್ಟು ಬಿಟ್ಟಿದ್ದಾನೆ. ಚಪ್ಪರಕ್ಕೆ ಹಾಕೋ ಮುಂಚೆ ತಿದ್ದಿಸಲಾ?

ಉತ್ತರ: ಕೋಟೆ ಟೀಚರ್

ಬೇಡ ಮೇಡಂ, ಹಾಗೇ ತೂಗು ಹಾಕಿ, ಅವನ ಕಣ್ಣಿಗೆ ಬೀಳೋ ಎತ್ತರದಲ್ಲಿ. ಪಕ್ಕದಲ್ಲಿ ತಲೆಕಟ್ಟು ಇರೋ ಇನ್ನೊಬ್ಬರ "ಸರ" ಇರಲಿ. ಸೋಮವಾರ ಅವನ ಕೈಗೆ ಪೆನ್ಸಿಲ್ ಕೊಟ್ಟು ಅದರ ಕೆಳಗೆ ನಿಲ್ಲಿಸಿ.