ಮೂಗಿನಲ್ಲಿ ರಕ್ತ, ಕಿವಿಯಲ್ಲಿ ಉಣ್ಣಿ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಡಾಕ್ಟರ್ ಮೇಡಂ, ನಮಸ್ಕಾರ. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಲ್ಯಾಬ್ರಡಾರ್ ಗಂಡುನಾಯಿ ಇದೆ. ಮೂರು ದಿನದಿಂದ ಊಟವನ್ನು ಮೂಸಿ ನೋಡಿ ಹಿಂದೆ ಸರಿಯುತ್ತಿದೆ, ಮೈ ಬಿಸಿಯಾಗಿದೆ. ಬಿಸಿಲಿನ ಕಾಲವಾದ್ದರಿಂದ ಉಷ್ಣವಾಗಿರಬೇಕೆಂದು ನಮ್ಮ ಅತ್ತೆಯವರು ಮಜ್ಜಿಗೆ ಕುಡಿಸಿದರು. ನಿನ್ನೆ ರಾತ್ರಿ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಮಾತ್ರೆಯಲ್ಲಿ ಅರ್ಧ ಕೊಟ್ಟೆವು. ಇಂದು ಬೆಳಿಗ್ಗೆ ಸೀನಿದಾಗ ಮೂಗಿನಿಂದ ರಕ್ತದ ಹನಿಗಳು ಬಿದ್ದವು. ಹೋದ ವಾರ ಕಿವಿಯೊಳಗಿಂದ ಕೆಲವು ಉಣ್ಣಿಗಳನ್ನು ಕಿತ್ತಿದ್ದೆವು. ಸಂಜೆಯವರೆಗೆ ಕಾದು ನೋಡಬಹುದೇ?

ಉತ್ತರ: ಕಾಯಬೇಡಿ. ಬಿಸಿಲೇರುವ ಮೊದಲೇ ರಕ್ತಪರೀಕ್ಷೆಯ ಅನುಕೂಲವಿರುವ ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ಮೂಗಿನಿಂದ ರಕ್ತ ಬಂದರೆ ಹಿರಿಯರಿಗೆ ಮೊದಲು ನೆನಪಾಗುವುದು ಉಷ್ಣವೇ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಮೈಮೇಲೆ ಉಣ್ಣಿ ಇದ್ದ ನಾಯಿ ಊಟ ಬಿಟ್ಟು, ಜ್ವರ ಬಂದು, ಮೂಗಿನಿಂದ ರಕ್ತವೂ ಕಾಣಿಸಿದರೆ ಪಶುವೈದ್ಯರು ಮೊದಲು ಅನುಮಾನಿಸುವುದು ಉಣ್ಣಿ ಜ್ವರವನ್ನು. ಎರ್ಲಿಕಿಯಾ ಎಂಬ ಬ್ಯಾಕ್ಟೀರಿಯಾ ಉಣ್ಣಿಯ ಜೊಲ್ಲಿನ ಮೂಲಕ ನಾಯಿಯ ರಕ್ತವನ್ನು ಸೇರಿ, ಬಿಳಿ ರಕ್ತಕಣಗಳ ಒಳಗೆ ಬೆಳೆಯುತ್ತದೆ. ಅದರಿಂದಾಗಿ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್‌ಗಳ ಸಂಖ್ಯೆ ಕುಸಿಯುವುದಲ್ಲದೆ, ಉಳಿದವೂ ಸರಿಯಾಗಿ ಕೆಲಸ ಮಾಡುವುದಿಲ್ಲ. ಕಚ್ಚಿದ ಮೇಲೆ ಜ್ವರ ಬರಲು ಸಾಮಾನ್ಯವಾಗಿ ಒಂದರಿಂದ ಮೂರು ವಾರ ಹಿಡಿಯುತ್ತದೆ. ಹೀಗಾಗಿ ನೀವು ಹೋದ ವಾರ ಕಿತ್ತ ಉಣ್ಣಿಯೇ ಕಾರಣವಾಗಿರಬೇಕೆಂದಿಲ್ಲ, ಅದಕ್ಕಿಂತ ಮೊದಲು ಕಚ್ಚಿ ಉದುರಿದ್ದು ಇರಬಹುದು.

ಹೊರಡುವ ಮೊದಲು ನಾಯಿಯ ಮೇಲ್ದುಟಿಯನ್ನು ಮೆಲ್ಲಗೆ ಎತ್ತಿ ವಸಡನ್ನು ನೋಡಿ. ಬೆರಳಿನಿಂದ ಒತ್ತಿ ಬಿಟ್ಟಾಗ ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ವಸಡು ಬಿಳಿಚಿದ್ದರೆ, ಅಥವಾ ವಸಡಿನ ಮೇಲೂ ಕೂದಲಿಲ್ಲದ ಹೊಟ್ಟೆಯ ಕೆಳಭಾಗದಲ್ಲೂ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳು ಎದ್ದಿದ್ದರೆ ಅದನ್ನು ಆಸ್ಪತ್ರೆಯ ಬಾಗಿಲಲ್ಲೇ ಹೇಳಿ, ಸರದಿಯಲ್ಲಿ ಕೂರಬೇಡಿ. ಮೂತ್ರದ ಬಣ್ಣವನ್ನೂ ಗಮನಿಸಿ. ಅದು ಕಾಫಿ ಡಿಕಾಕ್ಷನ್ನಿನಂತೆ ಕಂಡರೆ ಬಬೇಸಿಯಾ ಎಂಬ ಇನ್ನೊಂದು ಉಣ್ಣಿ ರೋಗದ ಶಂಕೆ ಬರುತ್ತದೆ. ಅದು ಕೆಂಪು ರಕ್ತಕಣಗಳನ್ನೇ ಒಡೆಯುವ ಪರಾವಲಂಬಿ, ಅದರ ಔಷಧವೇ ಬೇರೆ. ಎರಡೂ ಒಟ್ಟಿಗೆ ಇರುವುದೂ ಉಂಟು.

ನೀವು ಪ್ಯಾರಾಸಿಟಮಾಲ್ ಕೊಟ್ಟ ವಿಷಯವನ್ನು ಇಲ್ಲಿ ಬರೆದದ್ದು ಬಹಳ ಒಳ್ಳೆಯದಾಯಿತು. ಎಷ್ಟು ಗಂಟೆಗೆ, ಎಷ್ಟು ಎಂಜಿಯ ಮಾತ್ರೆಯಲ್ಲಿ ಅರ್ಧ ಎಂಬುದನ್ನು ಅಲ್ಲಿನ ವೈದ್ಯರಿಗೂ ಹೇಳಿ, ಸಾಧ್ಯವಾದರೆ ಮಾತ್ರೆಯ ಪಟ್ಟಿಯನ್ನೇ ತೋರಿಸಿ. ಮತ್ತೆ ಕೊಡಬೇಡಿ. ಇದಕ್ಕಿಂತ ಅಪಾಯಕಾರಿಯಾದವು ಐಬುಪ್ರೊಫೆನ್ ಮತ್ತು ಡೈಕ್ಲೋಫೆನಾಕ್. ಪ್ಲೇಟ್‌ಲೆಟ್ ಕುಸಿದಿರುವ ನಾಯಿಗೆ ಇವನ್ನು ಕೊಟ್ಟರೆ ಹೊಟ್ಟೆಯೊಳಗೆ ರಕ್ತಸ್ರಾವವಾಗಬಹುದು, ಮೂತ್ರಪಿಂಡಗಳೂ ಕೆಡಬಹುದು.

ಅದೇ ಪ್ರಶ್ನೆಕರ್ತರು: ಮೇಡಂ, ಉಣ್ಣಿ ಜ್ವರವೆಂದೇ ಖಚಿತವಾಯಿತು. ಪ್ಲೇಟ್‌ಲೆಟ್ 48,000 ಇದೆ ಎಂದರು. ಡಾಕ್ಸಿಸೈಕ್ಲಿನ್ ಮಾತ್ರೆ ಬರೆದಿದ್ದಾರೆ, ಎರಡನೇ ದಿನಕ್ಕೇ ಅನ್ನ-ಮೊಸರು ತಿಂದಿದೆ. ಆದರೆ 28 ದಿನ ಕೊಡಬೇಕೆಂದಿದ್ದಾರೆ, ಅಷ್ಟು ದಿನ ಬೇಕೇ? ಇನ್ನೊಂದು ಮಾತು: ವಾರಕ್ಕೆರಡು ಸಲ ಉಣ್ಣಿ ಶಾಂಪೂ ಹಾಕಿ ತೊಳೆದರೂ ಮತ್ತೆ ಹತ್ತುತ್ತವೆ, ಅವು ಎಲ್ಲಿಂದ ಬರುತ್ತವೆ?

ಉತ್ತರ: ಅಷ್ಟೂ ದಿನ ಬೇಕು. ಆರೋಗ್ಯವಂತ ನಾಯಿಯ ಒಂದು ಮೈಕ್ರೋಲೀಟರ್ ರಕ್ತದಲ್ಲಿ ಸುಮಾರು 2 ಲಕ್ಷದಿಂದ 5 ಲಕ್ಷ ಪ್ಲೇಟ್‌ಲೆಟ್ ಇರುತ್ತವೆ ಎಂದ ಮೇಲೆ ನಿಮ್ಮ ನಾಯಿ ಎಷ್ಟು ಕೆಳಗಿಳಿದಿತ್ತು ಎಂಬುದು ನಿಮಗೇ ತಿಳಿಯುತ್ತದೆ. ಈ ಮಾತ್ರೆಗೆ ಒಂದೆರಡು ದಿನದಲ್ಲೇ ಜ್ವರ ಇಳಿದು ಹಸಿವು ಮರಳುವುದು ಸಾಮಾನ್ಯ, ತೊಂದರೆ ಶುರುವಾಗುವುದೂ ಅಲ್ಲಿಂದಲೇ. ನಾಯಿ ತಿನ್ನತೊಡಗಿತೆಂದು ಎಷ್ಟೋ ಮನೆಗಳಲ್ಲಿ ವಾರಕ್ಕೇ ಮಾತ್ರೆ ನಿಲ್ಲಿಸುತ್ತಾರೆ. ರೋಗಾಣು ಗುಲ್ಮದಲ್ಲೂ ಎಲುಬಿನ ಮಜ್ಜೆಯಲ್ಲೂ ಅಡಗಿ ಉಳಿದು, ತಿಂಗಳುಗಳು ಅಥವಾ ವರ್ಷಗಳ ನಂತರ ಮಜ್ಜೆಯೇ ರಕ್ತಕಣ ತಯಾರಿಸುವುದನ್ನು ನಿಲ್ಲಿಸಿದ ಸ್ಥಿತಿಯಲ್ಲಿ ಆ ನಾಯಿ ಮತ್ತೆ ನಮ್ಮ ಮೇಜಿನ ಮೇಲೆ ಬರುತ್ತದೆ. ಆ ಹಂತದಲ್ಲಿ ನಾವು ಮಾಡಬಹುದಾದದ್ದು ಬಹಳ ಕಡಿಮೆ. ಮಾತ್ರೆಯನ್ನು ಬರಿಹೊಟ್ಟೆಯಲ್ಲಿ ಕೊಡಬೇಡಿ, ಊಟದ ಜೊತೆ ಕೊಡಿ. ಆದರೆ ಹಾಲು-ಮೊಸರಿನಲ್ಲಿ ಕಲಸಬೇಡಿ, ಅದರಲ್ಲಿನ ಕ್ಯಾಲ್ಸಿಯಂ ಔಷಧದ ಒಂದು ಪಾಲನ್ನು ಹಿಡಿದುಬಿಡುತ್ತದೆ. ಮೊಸರನ್ನ ಬೇರೆ ಹೊತ್ತಿನಲ್ಲಿ ಆಗಲಿ.

ಇನ್ನು ಉಣ್ಣಿಗಳು ಎಲ್ಲಿಂದ ಬರುತ್ತವೆ ಎಂದರೆ, ನಿಮ್ಮ ಮನೆಯಿಂದಲೇ. ನಮ್ಮ ನಾಯಿಗಳ ಮೇಲೆ ಕಾಣುವ ಕಂದು ಉಣ್ಣಿ ತನ್ನ ಆಯುಷ್ಯದ ಬಹುಪಾಲನ್ನು ನಾಯಿಯ ಮೈಮೇಲೆ ಕಳೆಯುವುದೇ ಇಲ್ಲ. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ಒಮ್ಮೆ ರಕ್ತ ಹೀರಿ ಉದುರುತ್ತದೆ, ಪೊರೆ ಬಿಟ್ಟು ಎಂಟು ಕಾಲಾಗಿ ಮತ್ತೆ ಹತ್ತುತ್ತದೆ, ಹೀರಿ ಉದುರುತ್ತದೆ, ಬೆಳೆದು ಮೂರನೇ ಸಲ ಹತ್ತುತ್ತದೆ. ಹರಳಿನ ಗಾತ್ರಕ್ಕೆ ಉಬ್ಬಿ ಬೂದು ಬಣ್ಣಕ್ಕೆ ತಿರುಗಿದ ಹೆಣ್ಣು ಕೊನೆಯ ಸಲ ಕೆಳಗಿಳಿದು, ಗೋಡೆಯ ಬಿರುಕಿನಲ್ಲೋ ಬಾಗಿಲಿನ ಚೌಕಟ್ಟಿನ ಸಂದಿನಲ್ಲೋ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಹಸಿದ ಉಣ್ಣಿ ರಕ್ತವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಇವಕ್ಕೆ ಮೇಲಕ್ಕೆ ಹತ್ತುವ ಸ್ವಭಾವ ಇರುವುದರಿಂದ ನೆಲ ಒರೆಸಿದರೆ ಸಾಲದು. ನಾಯಿ ಮಲಗುವ ಜಾಗದ ಹಿಂದಿನ ಗೋಡೆ, ಪರದೆಯ ಮಡಿಕೆ, ಮೀಟರ್ ಪೆಟ್ಟಿಗೆಯ ಹಿಂಬದಿ ಇವನ್ನೆಲ್ಲ ನೋಡಬೇಕು. ಚಿತ್ರದುರ್ಗದ ಕಡೆ ಕಲ್ಲು ಜೋಡಿಸಿ ಕಟ್ಟಿದ ಹಳೆಯ ಮನೆಗಳಲ್ಲಿ ಉಣ್ಣಿಗೆ ಸಿಗುವಷ್ಟು ಸಂದು ಬೇರೆಲ್ಲೂ ಸಿಗಲಿಕ್ಕಿಲ್ಲ. ಮೊದಲು ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸಿ, ಹಾಸಿಗೆಯನ್ನು ಕುದಿನೀರಿನಲ್ಲಿ ಅದ್ದಿ ಬಿಸಿಲಿಗೆ ಹಾಕಿ, ಕೀಟನಾಶಕ ಸಿಂಪಡಿಸುವುದಿದ್ದರೆ ನಾಯಿಯನ್ನು ಹೊರಗೆ ಕಟ್ಟಿ ನೆಲ ಪೂರ್ತಿ ಒಣಗಿದ ಮೇಲೆಯೇ ಒಳಗೆ ಬಿಡಿ.

ನಾಯಿಗೆ ಈಗ ಬಾಯಿಯ ಮೂಲಕ ಕೊಡುವ ಉಣ್ಣಿ ಮಾತ್ರೆಗಳು ಬಂದಿವೆ. ಕೆಲವು ಒಂದು ತಿಂಗಳು, ಕೆಲವು ಸುಮಾರು 12 ವಾರ ಕೆಲಸ ಮಾಡುತ್ತವೆ. ಬೆಲೆ ಹೆಚ್ಚೆಂಬ ಮಾತು ನಿಜ, ಆದರೂ ತಿಂಗಳುಗಟ್ಟಲೆ ಶಾಂಪೂ ಕೊಳ್ಳುವುದಕ್ಕಿಂತ ಇದೇ ಲೇಸೆಂದು ನನ್ನ ಅಭಿಪ್ರಾಯ. ನಾಯಿಗೆ ಹಿಂದೆ ಫಿಟ್ಸ್ ಬಂದಿದ್ದರೆ ಈ ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಹೇಳಲೇಬೇಕು. ಕೈಯಿಂದ ಕೀಳುವುದಾದರೆ ಚಿಮುಟದಿಂದ ಚರ್ಮದ ಸಮೀಪ ಹಿಡಿದು ನೇರವಾಗಿ ಎಳೆಯಿರಿ, ಉಗುರಿನಿಂದ ಹೊಸಕಬೇಡಿ, ಸೀಮೆಎಣ್ಣೆ ಸುರಿಯಬೇಡಿ.

ಪ್ರಶ್ನೆ (ಹರಿಹರ ತಾಲ್ಲೂಕು): ನಮ್ಮೂರಲ್ಲಿ ಮೆಕ್ಕೆಜೋಳಕ್ಕೂ ಹತ್ತಿಗೂ ಹೊಡೆದು ಉಳಿದ ಔಷಧವನ್ನೇ ನೀರಿಗೆ ಬೆರೆಸಿ ನಾಯಿಗೆ ಹಚ್ಚುತ್ತಾರೆ. ಉಣ್ಣಿ ಅರ್ಧ ಗಂಟೆಯಲ್ಲಿ ಉದುರುತ್ತವೆ. ಇದರಲ್ಲಿ ತಪ್ಪೇನು?

ಉತ್ತರ: ಉಣ್ಣಿಯ ಹಿಂದೆಯೇ ನಾಯಿಯೂ ಉರುಳುವುದುಂಟು. ಹೊಲಕ್ಕೆ ಹೊಡೆಯುವ ಅನೇಕ ಔಷಧಗಳು ಚರ್ಮದ ಮೂಲಕವೂ, ನಾಯಿ ಮೈ ನೆಕ್ಕಿಕೊಂಡಾಗ ಬಾಯಿಯ ಮೂಲಕವೂ ರಕ್ತ ಸೇರುತ್ತವೆ. ಬಾಯಿಂದ ಜೊಲ್ಲು ಧಾರೆಯಾಗಿ ಸುರಿಯುವುದು, ಕಣ್ಣಿನ ಪಾಪೆ ಚುಕ್ಕೆಯಷ್ಟು ಕಿರಿದಾಗುವುದು, ಮೈ ಅದುರುವುದು, ಭೇದಿಯಾಗುವುದು ಕಂಡರೆ ಕೈಗೆ ರಬ್ಬರ್ ಗವಸು ಹಾಕಿಕೊಂಡು ಸಾಕಷ್ಟು ನೀರು ಮತ್ತು ಸೋಪಿನಿಂದ ಮೈ ತೊಳೆದು, ಔಷಧದ ಡಬ್ಬಿಯನ್ನೋ ಅದರ ಚೀಟಿಯ ಫೋಟೋವನ್ನೋ ಹಿಡಿದು ಕೂಡಲೇ ಬನ್ನಿ. ಆರ್ಗನೋಫಾಸ್ಫೇಟ್ ಗುಂಪಿನ ವಿಷವಾದರೆ ಅಟ್ರೋಪಿನ್ ಚುಚ್ಚುಮದ್ದಿನಿಂದ ಉಳಿಸಿಕೊಳ್ಳಲು ಸಾಧ್ಯವಿದೆ, ಬೇರೆ ಗುಂಪಿನದಾದರೆ ಚಿಕಿತ್ಸೆಯೂ ಬೇರೆ. ಅದಕ್ಕಾಗಿಯೇ ಡಬ್ಬಿ ಬೇಕು.

ಪ್ರಶ್ನೆ (ಚಿತ್ರದುರ್ಗ ನಗರ): ನಮ್ಮಲ್ಲಿ ನಾಯಿಯ ಜೊತೆ ಬೆಕ್ಕೂ ಇದೆ. ನಾಯಿಗೆ ತಂದ ಉಣ್ಣಿ ಔಷಧವನ್ನು ಬೆಕ್ಕಿಗೂ ಸ್ವಲ್ಪ ಹಚ್ಚಬಹುದೇ?

ಉತ್ತರ: ಬೇಡ. ನಾಯಿಯ ಬೆನ್ನಿಗೆ ಹಾಕುವ ಎಷ್ಟೋ ಔಷಧಗಳಲ್ಲಿ ಪರ್ಮೆಥ್ರಿನ್ ಇರುತ್ತದೆ, ಅದು ಬೆಕ್ಕಿಗೆ ವಿಷ. ಹಚ್ಚಿದ ನಾಯಿಯ ಪಕ್ಕ ಮಲಗಿದರೂ ಬೆಕ್ಕಿಗೆ ತಾಗಬಹುದು. ಮೇಲಿನ ಪ್ರಶ್ನೆಯಲ್ಲಿ ಪ್ಯಾರಾಸಿಟಮಾಲ್ ಬಂದಿರುವುದರಿಂದ ಅದನ್ನೂ ಹೇಳಿಬಿಡುತ್ತೇನೆ: ಬೆಕ್ಕಿಗೆ ಅದನ್ನು ಒಂದು ಚೂರೂ ಕೊಡಬಾರದು. ಅದನ್ನು ಕರಗಿಸಿ ಹೊರಹಾಕುವ ಕಿಣ್ವದ ಶಕ್ತಿ ಬೆಕ್ಕಿನ ಯಕೃತ್ತಿನಲ್ಲಿ ತೀರ ಕಡಿಮೆ. ವಸಡು ಕಂದು ಬಣ್ಣಕ್ಕೆ ತಿರುಗಿ, ಮುಖ ಮತ್ತು ಪಾದಗಳು ಊದಿ, ಉಸಿರಿಗೆ ಒದ್ದಾಡುತ್ತದೆ. ಒಂದೇ ಮಾತ್ರೆ ಪ್ರಾಣ ತೆಗೆಯಲು ಸಾಕು.

ಪ್ರಶ್ನೆ (ಚಳ್ಳಕೆರೆ ಕಡೆಯ ಕುರಿಹಟ್ಟಿಯಿಂದ): ಅಕ್ಕಾ, ನಮ್ಮವು ಕುರಿ ಕಾಯುವ ನಾಯಿಗಳು. ಕುರಿ ಕೊಯ್ದಾಗ ಕರುಳು, ಈಲಿ ಅವಕ್ಕೇ ಹಾಕುತ್ತೇವೆ. ಹೊಟ್ಟೆಹುಳದ ಮಾತ್ರೆ ಕೊಡಬೇಕು ಅನ್ನುತ್ತಾರೆ, ಆದರೆ ಸಗಣಿಯಲ್ಲಿ ಹುಳ ಕಂಡಿಲ್ಲ.

ಉತ್ತರ: ಅಣ್ಣಾ, ನಿಮ್ಮ ನಾಯಿಗಳ ವಿಷಯದಲ್ಲಿ ನನಗೆ ಉಣ್ಣಿಗಿಂತ ಹೆಚ್ಚು ಚಿಂತೆ ಕಾಣದ ಆ ಹುಳದ ಬಗ್ಗೆಯೇ. ಕುರಿಯ ಈಲಿಯಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಬಿಳಿ ಗುಳ್ಳೆಗಳನ್ನು ನೀವು ಕಂಡೇ ಇರುತ್ತೀರಿ. ಅದನ್ನು ಹಸಿಯಾಗಿ ತಿಂದ ನಾಯಿಯ ಕರುಳಿನಲ್ಲಿ ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳಗಳು ಸಾವಿರಗಟ್ಟಲೆ ಬೆಳೆಯುತ್ತವೆ. ಅಷ್ಟು ಸಣ್ಣವು ಕಣ್ಣಿಗೆ ಬೀಳುವುದಿಲ್ಲ, ನಾಯಿಯೂ ಸೊರಗುವುದಿಲ್ಲ. ಆದರೆ ಅದರ ಹೇಲಿನಲ್ಲಿ ಬಂದ ಮೊಟ್ಟೆ ಹುಲ್ಲಿನ ಮೂಲಕ ಕುರಿಗೂ, ಕೈಯ ಮೂಲಕ ನಿಮ್ಮ ಮಕ್ಕಳಿಗೂ ಹೋಗಿ, ಅದೇ ಗುಳ್ಳೆ ಮನುಷ್ಯರ ಈಲಿಯಲ್ಲಿ ವರ್ಷಾನುಗಟ್ಟಲೆ ಸದ್ದಿಲ್ಲದೆ ಬೆಳೆಯುತ್ತದೆ. ಕೊನೆಗೆ ಆಪರೇಷನ್ನೇ ಬೇಕಾಗಬಹುದು. ಗುಳ್ಳೆಯಿರುವ ಭಾಗವನ್ನು ನಾಯಿಗಳು ಕೆದರದಷ್ಟು ಆಳದ ಗುಂಡಿಯಲ್ಲಿ ಹೂಳಿ ಅಥವಾ ಸುಡಿ. ನಾಯಿಗೆ ಹಾಕುವುದೇ ಆದರೆ ಅರ್ಧ ಗಂಟೆ ಕುದಿಸಿ ಹಾಕಿ. ಪ್ರಾಜಿಕ್ವಾಂಟೆಲ್ ಇರುವ ಹುಳದ ಮಾತ್ರೆಯನ್ನು ವರ್ಷಕ್ಕೆ ಕನಿಷ್ಠ ನಾಲ್ಕು ಸಲ, ಹಟ್ಟಿಯ ಎಲ್ಲ ನಾಯಿಗಳಿಗೂ ಒಂದೇ ದಿನ ಕೊಡಿಸಿ. ಕುರಿಗೆ ಕುಡಿಸುವ ಹುಳದ ಔಷಧ ಇದಕ್ಕೆ ಬದಲಿಯಲ್ಲ.

ಪ್ರಶ್ನೆ (ಜಗಳೂರು): ಮೇಡಂ, ಡಾಕ್ಸಿಸೈಕ್ಲಿನ್ ಎಂದು ಬರೆದಿರಿ, ಎಷ್ಟು ಎಂಜಿ ಎಂದು ಬರೆಯಲಿಲ್ಲ. ದಾವಣಗೆರೆಗೆ ಬಂದುಹೋಗಲು ನಮಗೆ ಇಡೀ ದಿನ ಬೇಕು. ಅಳತೆಯನ್ನು ಇಲ್ಲಿಯೇ ಬರೆದರೆ ಮೆಡಿಕಲ್ ಶಾಪಿನಲ್ಲಿ ತೆಗೆದುಕೊಳ್ಳುತ್ತಿದ್ದೆವು.

ಉತ್ತರ: ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೂ ಬರೆಯುವುದಿಲ್ಲ. ಅಳತೆ ನಾಯಿಯ ತೂಕದ ಮೇಲೆ ನಿಲ್ಲುತ್ತದೆ. ಗಬ್ಬದ ನಾಯಿಗೆ, ಹಲ್ಲು ಮೂಡುತ್ತಿರುವ ಮರಿಗೆ ಈ ಔಷಧವನ್ನು ಯೋಚಿಸಿಯೇ ಕೊಡಬೇಕು. ಬಬೇಸಿಯಾ ಆಗಿದ್ದರೆ ಇದೊಂದರಿಂದ ಗುಣವಾಗುವುದಿಲ್ಲ, ನೀವು ಮಾತ್ರೆ ಕೊಡುತ್ತಿದ್ದೇವೆಂಬ ಧೈರ್ಯದಲ್ಲಿರುವಾಗಲೇ ನಾಯಿ ರಕ್ತಹೀನವಾಗಿ ಮಲಗುತ್ತದೆ. ದಾವಣಗೆರೆಗೇ ಬರಬೇಕೆಂದೂ ಇಲ್ಲ. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಕಿವಿಯ ಅಂಚಿನಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಗೆದು ನೋಡುವಂತೆ ಕೇಳಬಹುದು. ತುರ್ತಿದ್ದರೆ ಪಶುಸಂಗೋಪನಾ ಇಲಾಖೆಯ 1962 ಸಂಖ್ಯೆಗೆ ಕರೆ ಮಾಡಿ, ನಿಮ್ಮ ಕಡೆ ಯಾವ ಅನುಕೂಲವಿದೆ ಎಂದು ವಿಚಾರಿಸಿ.

ಹೋಗುವಾಗ ಹಿಂದೆ ಕೊಟ್ಟ ಮಾತ್ರೆಗಳ ಖಾಲಿ ಪಟ್ಟಿ, ಲಸಿಕೆಯ ಪುಸ್ತಕ, ನಾಯಿ ವಿಚಿತ್ರವಾಗಿ ಆಡಿದಾಗ ಮೊಬೈಲಿನಲ್ಲಿ ತೆಗೆದ ವಿಡಿಯೋ ಜೊತೆಗಿರಲಿ. ನಾಯಿ ಮಾತಾಡುವುದಿಲ್ಲವಾದ್ದರಿಂದ ನಮ್ಮ ಕೆಲಸದ ಅರ್ಧ ಭಾಗ ಯಜಮಾನರ ಬಾಯಿಂದ ನಿಜ ಹೊರಡಿಸುವುದೇ ಆಗಿದೆ. ‘ಏನೂ ಕೊಟ್ಟಿಲ್ಲ ಡಾಕ್ಟ್ರೇ’ ಎಂದವರು, ನಾನು ಇಂಜೆಕ್ಷನ್ ತುಂಬುತ್ತಿರುವಾಗ ‘ನೋವಿಗೆ ಒಂದು ಮಾತ್ರೆ ಕೊಟ್ಟಿದ್ದೆವು’ ಎನ್ನುತ್ತಾರೆ. ಯಾರೂ ಬೈಯುವುದಿಲ್ಲ, ಬೈದರೂ ಹೇಳಿಬಿಡಿ. ಎರಡು ನೋವಿನ ಔಷಧಗಳು ಒಂದರ ಮೇಲೊಂದು ಬಿದ್ದರೆ ಅನುಭವಿಸುವುದು ನಾಯಿ.

ಪ್ರಶ್ನೆ (ದಾವಣಗೆರೆ, ಪಿ.ಜೆ. ಬಡಾವಣೆ): ಉಣ್ಣಿ ಜ್ವರದ ನಾಯಿಗೆ ರಕ್ತ ಕೊಡಿಸಬೇಕಾಗುತ್ತದೆ ಎಂದು ಕೇಳಿದ್ದೇನೆ. ನಮ್ಮ ಜರ್ಮನ್ ಶೆಫರ್ಡ್ ರಕ್ತ ಕೊಡಬಹುದೇ? ಜೊತೆಗೆ, ಭಾನುವಾರ ಬೆಣ್ಣೆದೋಸೆ ತರುವಾಗ ಅದಕ್ಕೂ ಒಂದು ತರುತ್ತೇವೆ, ತೊಂದರೆಯಿಲ್ಲವಲ್ಲ?

ಉತ್ತರ: ದೋಸೆ ನಿಲ್ಲಿಸಿ. ಅಷ್ಟು ಬೆಣ್ಣೆ ಒಮ್ಮೆಲೇ ಹೊಟ್ಟೆಗೆ ಬಿದ್ದರೆ ಮೇದೋಜೀರಕ ಗ್ರಂಥಿ ಊದಿಕೊಳ್ಳುವ ಭಯವಿದೆ, ಪಲ್ಯದಲ್ಲಿ ಈರುಳ್ಳಿಯಿದ್ದರೆ ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ.

ರಕ್ತ ಕೊಡಬಹುದು, ಹೀಗೆ ಕೇಳುವವರು ಕಡಿಮೆಯಾದ್ದರಿಂದ ಸಂತೋಷವೂ ಆಯಿತು. ವಯಸ್ಸು ಒಂದರಿಂದ ಎಂಟು ವರ್ಷದೊಳಗೆ, ತೂಕ 25 ಕಿಲೋಗಿಂತ ಹೆಚ್ಚು, ಲಸಿಕೆಗಳು ಪೂರ್ಣ, ತಾನು ಹಿಂದೆ ಯಾವತ್ತೂ ರಕ್ತ ಪಡೆದಿರಬಾರದು, ಸ್ವಭಾವ ಶಾಂತವಾಗಿರಬೇಕು. ಅಂಥ ನಾಯಿಯಿಂದ ಒಮ್ಮೆಗೆ ಸುಮಾರು 450 ಮಿಲಿಲೀಟರ್ ತೆಗೆಯಬಹುದು. ಕುತ್ತಿಗೆಯ ರಕ್ತನಾಳದ ಮೇಲೆ ಸ್ವಲ್ಪ ಕೂದಲು ಬೋಳಿಸುತ್ತೇವೆ, ಹತ್ತು ಹದಿನೈದು ನಿಮಿಷ ನೀವು ತಲೆ ಹಿಡಿದು ಕೂರಬೇಕಾಗುತ್ತದೆ. ಮನುಷ್ಯರಂತಲ್ಲದೆ ನಾಯಿಗಳು ಮೊದಲ ಸಲ ಪಡೆಯುವ ರಕ್ತವನ್ನು ಸಾಮಾನ್ಯವಾಗಿ ತಡೆದುಕೊಳ್ಳುತ್ತವೆ, ಎರಡನೇ ಸಲಕ್ಕೆ ಮಾತ್ರ ಹೊಂದಾಣಿಕೆಯ ಪರೀಕ್ಷೆ ಮಾಡಲೇಬೇಕು. ಎಲ್ಲಕ್ಕಿಂತ ಮೊದಲು ನಿಮ್ಮ ನಾಯಿಗೇ ಎರ್ಲಿಕಿಯಾ ಮತ್ತು ಬಬೇಸಿಯಾ ಪರೀಕ್ಷೆಯಾಗಬೇಕು, ಏಕೆಂದರೆ ಹೊರಗೆ ಆರೋಗ್ಯವಾಗಿ ಕಾಣುವ ನಾಯಿಯ ರಕ್ತದಲ್ಲೂ ಇವು ಅಡಗಿರಬಹುದು. ನಿಮಗೆ ಅನುಕೂಲವಾದ ದಿನ ಬೆಳಿಗ್ಗೆ, ಹಿಂದಿನ ರಾತ್ರಿಯ ಊಟದ ನಂತರ ನೀರು ಬಿಟ್ಟು ಬೇರೇನೂ ಕೊಡದೆ ಕರೆತನ್ನಿ.