ಸಹಾಯ ಬೇಕು: ಆಟಿ ಮಳೆಯಲ್ಲಿ ಸ್ಥಾಯಿ ವಿದ್ಯುತ್ ಪ್ರಯೋಗ

ಉಡುಪಿ ಕಡೆಯ ವಿಜ್ಞಾನ ಮೇಷ್ಟ್ರು, ಟೀಚರ್‌ಗಳಲ್ಲಿ ಒಂದು ವಿನಂತಿ. ಎಂಟನೇ ತರಗತಿಯ 30 ಮಕ್ಕಳು ಕೈಯಾರೆ ಎಲೆಕ್ಟ್ರೋಸ್ಕೋಪ್ (ವಿದ್ಯುದಂಶ ಇದೆಯೇ ಎಂದು ತೋರಿಸುವ ಸಾಧನ) ಮಾಡಬೇಕು. ಉಪ್ಪಿನಕಾಯಿಯ ಖಾಲಿ ಗಾಜಿನ ಬಾಟಲಿ, ಪ್ಲಾಸ್ಟಿಕ್ ಮುಚ್ಚಳ, ಅದರಲ್ಲಿ ತೂರಿದ ಸ್ಟ್ರಾ ತುಂಡು, ಒಳಗೆ ತಾಮ್ರದ ತಂತಿ, ತುದಿಯ ಕೊಕ್ಕೆಗೆ 4 ಸೆಂ.ಮೀ. ಉದ್ದ, ಅರ್ಧ ಸೆಂ.ಮೀ. ಅಗಲದ ಎರಡು ಫಾಯಿಲ್ ಪಟ್ಟಿ. ಉಣ್ಣೆಯಿಂದ ಉಜ್ಜಿದ ಪಿವಿಸಿ ಪೈಪನ್ನು ತಂತಿಯ ಮೇಲೆ ಎಳೆದರೆ ಪಟ್ಟಿಗಳು ಅಗಲವಾಗುತ್ತವೆ, ಎರಡೇ ಸೆಕೆಂಡಿಗೆ ಮತ್ತೆ ಕೂಡುತ್ತವೆ. (ಪೈಪ್ ಬರೀ ಹತ್ತಿರ ಹಿಡಿದು ತೆಗೆದರೆ ಕೂಡುವುದು ಸಹಜ. ಇದು ಆ ಕತೆಯಲ್ಲ, ಮುಟ್ಟಿಸಿ ಎಳೆದ ಮೇಲೂ ಹೀಗೇ.)

ಕಾರಣ ಗೊತ್ತು: ಸ್ಟ್ರಾ ಮೇಲೆ ಕೂತ ತೇವದ ಪೊರೆ, ಜೊತೆಗೆ ಬೆವರಿನ ಉಪ್ಪು. ಅದರ ಮೂಲಕ ವಿದ್ಯುದಂಶ ಸೋರಿಹೋಗುತ್ತದೆ. ಸ್ಟ್ರಾವನ್ನು ಸೋಪಿನಲ್ಲಿ ತೊಳೆದು, 60 ವ್ಯಾಟ್‌ನ ಹಳೇ ಬಲ್ಬಿನ ಹತ್ತಿರ ಹತ್ತು ನಿಮಿಷ ಇಟ್ಟರೆ ಸ್ವಲ್ಪ ಹೊತ್ತು ಸರಿಯಾಗುತ್ತದೆ. ಆದರೆ 10 ಬಾಟಲಿಗೆ ಒಂದೇ ಬಲ್ಬು!

ಸ್ಟ್ರಾ ಬದಲು ಮೇಣದ ಬಿರಡೆ ಹಾಕಿದವರು ಇದ್ದೀರಾ? ತಂತಿ ಅಲುಗಾಡಿದಾಗ ಬಿರುಕು ಬಿಡುವುದಿಲ್ಲವೇ? ತೇವ ಹೀರಿ ಬಣ್ಣ ಬದಲಿಸುವ ಸಿಲಿಕಾ ಜೆಲ್ ಮಣಿಪಾಲದಲ್ಲೋ ಮಂಗಳೂರಿನಲ್ಲೋ ಬಿಡಿಯಾಗಿ ಎಲ್ಲಿ ಸಿಗುತ್ತದೆ, ಒಂದು ಬಾಟಲಿಗೆ ಎಷ್ಟು ಚಮಚ ಸಾಕು? ಡಿಸೆಂಬರ್‌ಗೆ ಮುಂದೂಡಿ ಎನ್ನಬೇಡಿ, ಪಾಠ ಈಗಲೇ ಇದೆ.