ಪದಚರ್ಚೆ: ಪಾಪ್ಲರ್ ಬರೋ ಕೌನ್ಸಿಲಿನ ಬಂಡಾಯವನ್ನು ‘ಕರನಿರಾಕರಣೆ’ ಎನ್ನಬಹುದೇ?

ಪದಪ್ರಿಯರೆಲ್ಲರಿಗೂ ನಮಸ್ಕಾರ.

ಲಂಡನ್ನಿನ ಪೂರ್ವಭಾಗದಲ್ಲಿ 1900ರಿಂದ 1965ರವರೆಗೆ ಇದ್ದ ಪಾಪ್ಲರ್ ಬರೋ ಕೌನ್ಸಿಲಿನ (ಬರೋ ಎಂದರೆ ಮಹಾನಗರದೊಳಗೆ ತನ್ನದೇ ಚುನಾಯಿತ ಕೌನ್ಸಿಲ್ ಇರುವ ಒಂದು ಭಾಗ) ರಾಜಕೀಯ ಚರಿತ್ರೆಯನ್ನು ಕನ್ನಡದಲ್ಲಿ ಬರೆಯಲು ತೊಡಗಿರುವ ನನಗೆ, ಸಂಗತಿಗಳಿಗಿಂತ ಅವನ್ನು ಹೇಳಬೇಕಾದ ಪದಗಳೇ ಹೆಚ್ಚು ಕಷ್ಟ ಕೊಡುತ್ತಿವೆ. ಅವುಗಳಲ್ಲಿ ಮುಖ್ಯವಾದುದು 1921ರ ಘಟನೆಯ ಹೆಸರು. ಇಂಗ್ಲಿಷಿನಲ್ಲಿ ಅದನ್ನು ‘ರೇಟ್ಸ್ ರೆಬೆಲಿಯನ್’ ಎನ್ನುತ್ತಾರೆ. ‘ದರ ಬಂಡಾಯ’ ಎಂದರೆ ಬೆಲೆಯೇರಿಕೆಯ ವಿರುದ್ಧ ನಡೆದ ಗಲಾಟೆ ಎಂದು ಓದುಗರು ತಿಳಿದಾರು. ಅದನ್ನು ಬಿಟ್ಟ ಕೂಡಲೇ ಕನ್ನಡಿಗರ ನಾಲಿಗೆಗೆ ಬರುವ ಪದ ‘ಕರನಿರಾಕರಣೆ’. ಅದು ಇಲ್ಲಿ ಸಲ್ಲುವುದೇ ಎಂಬುದು ನನ್ನ ಪ್ರಶ್ನೆ. ಸಲ್ಲುವುದಿಲ್ಲವೆಂದು ನನ್ನ ಅನಿಸಿಕೆ. ಆದರೆ ಅದರ ಬದಲಿಗೆ ಯಾವುದನ್ನು ಇಡಬೇಕೆಂಬುದರಲ್ಲಿ ತಿಳಿದವರ ನೆರವು ಬೇಕು.

ಮೊದಲು ಅಲ್ಲಿ ನಡೆದದ್ದೇನೆಂದು ಹೇಳಬೇಕು, ಏಕೆಂದರೆ ಪದದ ಆಯ್ಕೆ ಅದರ ಮೇಲೆಯೇ ನಿಂತಿದೆ. ಪಾಪ್ಲರ್ ಎಂಬುದು ಹಡಗುಕಟ್ಟೆಯ ಕೂಲಿಗಳೂ ರೈಲ್ವೆ ಕೆಲಸಗಾರರೂ ತುಂಬಿದ್ದ ಬಡ ಪ್ರದೇಶ. 1919ರ ನವೆಂಬರಿನ ಚುನಾವಣೆಯಲ್ಲಿ ಲೇಬರ್ ಪಕ್ಷವು 42 ಸ್ಥಾನಗಳಲ್ಲಿ 39ನ್ನು ಗೆದ್ದು, ಜಾರ್ಜ್ ಲ್ಯಾನ್ಸ್‌ಬರಿ ಮೇಯರ್ ಆದರು. ಯುದ್ಧ ಮುಗಿದ ಮೇಲೆ ನಿರುದ್ಯೋಗ ಏರಿತು, ಬಡವರ ಪೋಷಣೆಯ ಖರ್ಚೂ ಏರಿತು. ಆ ಖರ್ಚನ್ನು ಆಯಾ ಪ್ರದೇಶದ ನಿವಾಸಿಗಳೇ ‘ರೇಟ್ಸ್’ ಮೂಲಕ ಹೊರಬೇಕಾಗಿತ್ತು. ರೇಟ್ಸ್ ಎಂದರೆ ಮನೆ, ಅಂಗಡಿ, ಕಾರ್ಖಾನೆಗಳ ಬಾಡಿಗೆಯ ಬೆಲೆಯನ್ನು ಅಂದಾಜು ಮಾಡಿ, ಪೌಂಡಿಗೆ ಇಷ್ಟೆಂದು ವಿಧಿಸುತ್ತಿದ್ದ ಸ್ಥಳೀಯ ಕಂದಾಯ. ಸಿರಿವಂತರ ವೆಸ್ಟ್‌ಮಿನ್‌ಸ್ಟರಿನಲ್ಲಿ ಪೌಂಡಿಗೆ ಒಂದು ಪೆನ್ನಿ ಹಾಕಿದರೆ 31 ಸಾವಿರ ಪೌಂಡಿಗೂ ಹೆಚ್ಚು ಹಣ ಬರುತ್ತಿತ್ತು. ಪಾಪ್ಲರಿನಲ್ಲಿ ಅದೇ ಒಂದು ಪೆನ್ನಿಗೆ ನಾಲ್ಕು ಸಾವಿರವೂ ಹುಟ್ಟುತ್ತಿರಲಿಲ್ಲ. ಹಸಿದವರು ಹೆಚ್ಚಿದ್ದ ಕಡೆ ಕಂದಾಯ ಹುಟ್ಟುವುದು ಕಡಿಮೆ, ಹೀಗಾಗಿ ಬಡವರ ಮೇಲೆಯೇ ಹೆಚ್ಚಿನ ಹೊರೆ.

ಇದಲ್ಲದೆ ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್, ನೀರಿನ ಮಂಡಳಿ, ರೋಗಿಗಳ ಆಶ್ರಯಗಳನ್ನು ನೋಡಿಕೊಳ್ಳುವ ಮಂಡಳಿ, ಈ ನಾಲ್ಕು ಮೇಲಿನ ಸಂಸ್ಥೆಗಳು ತಮಗೆ ಬೇಕಾದ ಮೊತ್ತಕ್ಕೆ ಪ್ರತಿ ಬರೋಗೂ ಆಜ್ಞೆ ಕಳುಹಿಸುತ್ತಿದ್ದವು. ಅದಕ್ಕೆ ‘ಪ್ರಿಸೆಪ್ಟ್’ ಎಂದು ಹೆಸರು. ಬರೋ ಕೌನ್ಸಿಲ್ ಆ ಮೊತ್ತವನ್ನೂ ರೇಟ್ಸ್‌ಗೆ ಸೇರಿಸಿ ಎತ್ತಿಕೊಡಬೇಕು. 1921ರ ಮಾರ್ಚಿನಲ್ಲಿ ಪಾಪ್ಲರ್ ಕೌನ್ಸಿಲ್, ತನ್ನ ಖರ್ಚಿಗೂ ಬಡವರ ಪೋಷಣೆಗೂ ಬೇಕಾದುದನ್ನು ಮಾತ್ರ ಎತ್ತುವುದಾಗಿಯೂ ಆ ನಾಲ್ಕು ಸಂಸ್ಥೆಗಳ ಪಾಲನ್ನು ವಿಧಿಸುವುದೇ ಇಲ್ಲವೆಂದೂ ತೀರ್ಮಾನಿಸಿತು. ಸಿರಿವಂತ ಬರೋಗಳು ಬಡ ಬರೋಗಳ ಭಾರದಲ್ಲಿ ಭಾಗಿಯಾಗಲಿ ಎಂಬುದು ಅವರ ಬೇಡಿಕೆ. ಜುಲೈ 29ರಂದು ಸದಸ್ಯರು ಮೆರವಣಿಗೆಯಲ್ಲಿ ಹೈಕೋರ್ಟಿಗೆ ನಡೆದು ಹೋದರು. ‘ಹೈಕೋರ್ಟಿಗೆ ಹೊರಟಿದ್ದೇವೆ, ಬಹುಶಃ ಸೆರೆಮನೆಗೂ’ ಎಂಬರ್ಥದ ಬರಹ ಅವರ ಪತಾಕೆಯ ಮೇಲಿತ್ತು. ಕೋರ್ಟಿನ ಆಜ್ಞೆಗೂ ಮಣಿಯದ್ದರಿಂದ ಸೆಪ್ಟೆಂಬರಿನಲ್ಲಿ 30 ಮಂದಿ ಸೆರೆಯಾದರು. 25 ಗಂಡಸರು ಬ್ರಿಕ್ಸ್‌ಟನ್ ಸೆರೆಮನೆಗೂ ಐವರು ಹೆಂಗಸರು ಹಾಲೋವೇ ಸೆರೆಮನೆಗೂ ಹೋದರು. ಐವರಲ್ಲಿ ನೆಲ್ಲಿ ಕ್ರೆಸಲ್ ತುಂಬು ಬಸುರಿ. ಕೌನ್ಸಿಲಿನ ಸಭೆಗಳು ಬ್ರಿಕ್ಸ್‌ಟನ್ ಸೆರೆಮನೆಯೊಳಗೇ ನಡೆದವು. ಪಕ್ಕದ ಬೆತ್ನಲ್ ಗ್ರೀನ್, ಸ್ಟೆಪ್ನಿ ಬರೋಗಳೂ ಇದೇ ದಾರಿ ಹಿಡಿಯಲು ನಿರ್ಣಯಿಸಿದಾಗ ಸರ್ಕಾರ ಮಣಿಯಿತು. ಅಕ್ಟೋಬರ್ 12ರಂದು ಬಿಡುಗಡೆಯಾಯಿತು, ಅದೇ ವರ್ಷ ಬಡವರ ಪೋಷಣೆಯ ಹೊರೆಯನ್ನು ಲಂಡನ್ನಿಗೆಲ್ಲ ಹಂಚುವ ಕಾಯಿದೆಯೂ ಬಂತು.

ಈಗ ಪದಕ್ಕೆ ಬರುತ್ತೇನೆ. ‘ಕರನಿರಾಕರಣೆ’ ನಮ್ಮಲ್ಲಿ ಬರಿಯ ಅನುವಾದದ ಪದವಲ್ಲ. 1930ರ ದಶಕದ ಆರಂಭದಲ್ಲಿ ಅಂಕೋಲಾ, ಸಿದ್ದಾಪುರ ಸೀಮೆಗಳ ರೈತರು ಭೂಕಂದಾಯ ಕೊಡಲೊಪ್ಪದೆ ಹೊಲಮನೆ ಕಳೆದುಕೊಂಡ ಹೋರಾಟದ ಹೆಸರು ಅದು. ಅಲ್ಲಿ ನಿರಾಕರಿಸಿದವನು ಕರ ಕೊಡಬೇಕಾದವನು. ಪಾಪ್ಲರಿನಲ್ಲಿ ನಿರಾಕರಿಸಿದ್ದು ಕರ ಎತ್ತಬೇಕಾದ ಸಂಸ್ಥೆ. ಅಲ್ಲಿನ ಜನ ತಮಗೆ ವಿಧಿಸಿದ ರೇಟ್ಸ್ ಕಟ್ಟುತ್ತಲೇ ಇದ್ದರು. ಕೌನ್ಸಿಲು ಮೇಲಿನವರಿಗೆ ಎತ್ತಿಕೊಡಲು ಒಲ್ಲೆನೆಂದಿತು, ಅಷ್ಟೆ. ‘ಪಾಪ್ಲರಿನ ಕರನಿರಾಕರಣೆ’ ಎಂದು ಬರೆದ ಕೂಡಲೇ ಓದುಗರ ಮನಸ್ಸಿನಲ್ಲಿ ಉತ್ತರ ಕನ್ನಡದ ಚಿತ್ರ ಮೂಡುತ್ತದೆ. ಆಗ, ಚುನಾಯಿತ ಸ್ಥಳೀಯ ಸಂಸ್ಥೆಯೊಂದು ತನ್ನ ಕಾನೂನಿನ ಕರ್ತವ್ಯವನ್ನೇ ಅಸ್ತ್ರವಾಗಿ ತಿರುಗಿಸಿತು ಎಂಬ, ಈ ಚರಿತ್ರೆಯ ಜೀವಾಳವಾದ ಸಂಗತಿ ಕಣ್ಮರೆಯಾಗುತ್ತದೆ. ಇಬ್ಬರ ತ್ಯಾಗವನ್ನೂ ಗೌರವಿಸುವುದಾದರೆ ಇಬ್ಬರಿಗೂ ಅವರವರ ಪದವನ್ನೇ ಕೊಡಬೇಕು.

ಹಾಗಾದರೆ ‘ಪ್ರಿಸೆಪ್ಟ್’ಗೆ ಏನೆನ್ನೋಣ? ನಿಘಂಟು ಕೊಡುವ ‘ಉಪದೇಶ’, ‘ನೀತಿಸೂತ್ರ’ ಇಲ್ಲಿ ಬೆಪ್ಪಾಗಿ ನಿಲ್ಲುತ್ತವೆ. ನಮ್ಮ ಪುರಸಭೆಗಳು ಆಸ್ತಿ ತೆರಿಗೆಯೊಂದಿಗೆ ಗ್ರಂಥಾಲಯ ಕರ, ಭಿಕ್ಷುಕರ ಕರಗಳನ್ನು ವಸೂಲು ಮಾಡಿ ಬೇರೆ ಸಂಸ್ಥೆಗಳಿಗೆ ದಾಟಿಸುವುದು ಎಲ್ಲರಿಗೂ ತಿಳಿದದ್ದೇ. ವಿಷಯವನ್ನು ವಿವರಿಸಲು ಈ ಹೋಲಿಕೆ ಚೆನ್ನಾಗಿ ಒದಗುತ್ತದೆ. ಆದರೆ ನಮ್ಮಲ್ಲಿ ಉಪಕರದ ಪ್ರಮಾಣವನ್ನು ಕಾಯಿದೆ ಗೊತ್ತುಮಾಡುತ್ತದೆ, ಅಲ್ಲಿ ಮೊತ್ತವನ್ನು ಮೇಲಿನ ಸಂಸ್ಥೆಯೇ ನಿಗದಿ ಮಾಡಿ ಕೇಳುತ್ತಿತ್ತು. ಹೀಗೆ ಮೊತ್ತ ಮೊದಲು, ಹಂಚಿಕೆ ಆಮೇಲೆ ಎಂಬ ಕ್ರಮಕ್ಕೆ ನಮ್ಮ ಹಳ್ಳಿಗಳಲ್ಲಿ ಇರುವ ಪದ ‘ವಂತಿಗೆ’. ಜಾತ್ರೆಗೋ ಕೆರೆಯ ಕೆಲಸಕ್ಕೋ ಇಷ್ಟು ಬೇಕೆಂದು ಗೊತ್ತುಮಾಡಿ, ಮನೆಗಿಷ್ಟೆಂದು ಎತ್ತುತ್ತೇವೆ. ಆದ್ದರಿಂದ ‘ಮೇಲ್ವಂತಿಗೆ’ ಎಂದು ಕಟ್ಟಿ, ಘಟನೆಯನ್ನು ‘ಮೇಲ್ವಂತಿಗೆ ನಿರಾಕರಣೆ’ ಎನ್ನಬಹುದೆಂದು ನನಗೆ ತೋರುತ್ತದೆ. ವಂತಿಗೆಯಲ್ಲಿ ಮನಸ್ಸಿದ್ದರೆ ಕೊಡು ಎಂಬ ಛಾಯೆ ಇದೆಯೆಂದು ಯಾರಾದರೂ ಆಕ್ಷೇಪಿಸಬಹುದು. ನಾನು ಬಲ್ಲ ಊರುಗಳಲ್ಲಂತೂ ವಂತಿಗೆ ಕೊಡದೆ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಆದರೂ ಬೇರೆ ಸೀಮೆಗಳಲ್ಲಿ ಈ ಪದದ ಬಳಕೆ ಹೇಗಿದೆಯೆಂದು ತಿಳಿಯುವ ಆಸೆಯಿದೆ.

‘ಬರೋ’ ಎಂಬುದನ್ನು ಹಾಗೆಯೇ ಇಡಬೇಕೆಂಬುದು ನನ್ನ ನಿಲುವು. ‘ಪುರಸಭೆ’ ಎಂದರೆ ನಮ್ಮ ಕಣ್ಣಿಗೆ ಪ್ರತ್ಯೇಕವಾದ ಒಂದು ಸಣ್ಣ ಪಟ್ಟಣ ಕಾಣುತ್ತದೆ, ಅದಕ್ಕೆ ಅಧ್ಯಕ್ಷರಿರುತ್ತಾರೆ. ಪಾಪ್ಲರ್ ಮಹಾನಗರದ ಒಂದು ಭಾಗ, ಅದಕ್ಕೆ ಮೇಯರ್ ಇದ್ದರು. ಮುಂಬಯಿ ಪ್ರಾಂತ್ಯದ 1925ರ ಬರೋ ಕಾಯಿದೆ ಅಲ್ಲಿನ ಕನ್ನಡ ಜಿಲ್ಲೆಗಳಿಗೂ ಅನ್ವಯಿಸುತ್ತಿದ್ದುದರಿಂದ, ಈ ಪದ ಕನ್ನಡ ನೆಲಕ್ಕೆ ಹೊಸದೂ ಅಲ್ಲ.

ಸದಸ್ಯರ ವಿಷಯದಲ್ಲಿ ಪತ್ರಿಕೆಗಳು ಬಳಸುವ ‘ಪುರಪಿತೃ’ವನ್ನು ನಾನು ಖಂಡಿತ ಬಳಸಲಾರೆ, ಹಾಲೋವೇ ಸೆರೆಮನೆಯಲ್ಲಿದ್ದ ಐವರನ್ನು ಆ ಪದ ಹೊರಗಿಡುತ್ತದೆ. ‘ಆಲ್ಡರ್‌ಮನ್’ ಇನ್ನೂ ತೊಡಕಿನದು. ಚುನಾಯಿತ ಸದಸ್ಯರು ತಾವೇ ಮತ ಹಾಕಿ ಆರಿಸಿಕೊಳ್ಳುತ್ತಿದ್ದ, ಮತದಾನದ ಪೂರ್ಣ ಹಕ್ಕಿದ್ದ ಸದಸ್ಯರು ಅವರು. ‘ಹಿರಿಯ ಸದಸ್ಯ’ ಎಂಬ ಅನುವಾದವನ್ನು ನೋಡಿದ್ದೇನೆ. ಪಾಪ್ಲರಿನ ಆಲ್ಡರ್‌ಮನ್ ಮಿನ್ನಿ ಲ್ಯಾನ್ಸ್‌ಬರಿ ಸೆರೆಯಿಂದ ಹೊರಬಂದ ಕೆಲವೇ ವಾರಗಳಲ್ಲಿ, 1922ರ ಜನವರಿ 1ರಂದು ತೀರಿಕೊಂಡಾಗ ಅವರಿಗೆ ಕೇವಲ 32 ವರ್ಷ. ಅಂಥವರನ್ನು ಹಿರಿಯ ಸದಸ್ಯೆ ಎಂದು ಬರೆಯಲು ಕೈ ಬರುವುದಿಲ್ಲ. ‘ನಾಮನಿರ್ದೇಶಿತ’ ಎಂದರೆ ಸರ್ಕಾರ ನೇಮಿಸಿದವರೆಂದಾಗುತ್ತದೆ. ‘ಒಳಆಯ್ಕೆಯ ಸದಸ್ಯೆ’ ಎಂದು ಸದ್ಯಕ್ಕೆ ಬರೆದುಕೊಂಡಿದ್ದೇನೆ.

ಎರಡು ಚಿಕ್ಕ ಸಂಗತಿಗಳು. ‘ಔಟ್‌ಡೋರ್ ರಿಲೀಫ್’ ಎಂಬುದನ್ನು ‘ಹೊರಾಂಗಣ ಪರಿಹಾರ’ ಎಂದರೆ ಅರ್ಥ ಕೆಡುತ್ತದೆ. ಬಡವರನ್ನು ದುಡಿಮೆಶಾಲೆಗೆ ಸೇರಿಸದೆ, ಅವರ ಮನೆಯಲ್ಲೇ ಇರಗೊಟ್ಟು ಕೊಡುತ್ತಿದ್ದ ನೆರವು ಅದು, ‘ಮನೆನೆರವು’ ಸಾಕು. ‘ಸರ್‌ಚಾರ್ಜ್’ ಇಲ್ಲಿ ಮೇಲ್ತೆರಿಗೆಯಲ್ಲ, ಅಕ್ರಮವೆಂದು ಲೆಕ್ಕಪರಿಶೋಧಕರು ತೀರ್ಮಾನಿಸಿದ ಖರ್ಚನ್ನು ಸದಸ್ಯರ ಕೈಯಿಂದಲೇ ವಸೂಲು ಮಾಡುವ ಆದೇಶ. ಗಂಡಸು ಹೆಂಗಸು ಎನ್ನದೆ ವಾರಕ್ಕೆ ಕನಿಷ್ಠ ನಾಲ್ಕು ಪೌಂಡ್ ಸಂಬಳ ಕೊಟ್ಟದ್ದಕ್ಕೆ ಈ ಕೌನ್ಸಿಲಿನ ಸದಸ್ಯರ ಮೇಲೆ ಅದನ್ನು ಹೊರಿಸಲಾಯಿತು, 1925ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ಅದನ್ನು ಎತ್ತಿಹಿಡಿಯಿತು. ಸಮಾನ ವೇತನವನ್ನು ಸ್ತ್ರೀವಾದಿ ಹಂಬಲವೆಂದು ಆ ತೀರ್ಪಿನಲ್ಲಿ ಹಳಿದದ್ದನ್ನು ಓದುವಾಗ ಇಂದಿಗೂ ಮನಸ್ಸು ಕುದಿಯುತ್ತದೆ.

ಕೊನೆಯದಾಗಿ, ಈ ಕೌನ್ಸಿಲಿನ ಹೆಸರಿನಿಂದಲೇ ಹುಟ್ಟಿದ ‘ಪಾಪ್ಲರಿಸಮ್’. ಬಡವರಿಗೆ ಧಾರಾಳವಾಗಿ ಹಂಚಿ ಊರಿನ ಬೊಕ್ಕಸ ಬರಿದು ಮಾಡುವ ದುಂದುಗಾರಿಕೆ ಎಂಬ ಬೈಗುಳವಾಗಿ ವಿರೋಧಿಗಳ ಬಾಯಲ್ಲಿ ಅದು ಹರಡಿತು. ಹ್ಯಾಕ್ನಿಯ ಮೇಯರ್ ಆಗಿದ್ದ ಹರ್ಬರ್ಟ್ ಮಾರಿಸನ್‌ರಂಥ ಲೇಬರ್ ಪಕ್ಷದವರಿಗೂ ಪಾಪ್ಲರಿನ ದಾರಿ ಹಿಡಿಸಿರಲಿಲ್ಲ. ಪಾಪ್ಲರಿನವರಾದರೋ ಅದೇ ಪದವನ್ನು ಹೆಮ್ಮೆಯಿಂದ ಮುಡಿದುಕೊಂಡರು. ‘ಪಾಪ್ಲರ್‌ವಾದ’ ಎಂದರೆ ಅದೊಂದು ಸಿದ್ಧಾಂತವಾಗಿಬಿಡುತ್ತದೆ. ‘ಪಾಪ್ಲರ್‌ಗಿರಿ’ಯಲ್ಲಿ ಗೂಂಡಾಗಿರಿ, ದಾದಾಗಿರಿಗಳ ನೆರಳಿದೆ, ಬೈದವರ ಮಾತಿಗೆ ಅದು ಹೊಂದೀತು, ಹೊತ್ತುಕೊಂಡವರ ಮಾತಿಗೆ ಹೊಂದದು. ‘-ತನ’ಕ್ಕೆ ಎರಡೂ ಒಗ್ಗುತ್ತವೆ: ದೊಡ್ಡತನವೂ ಉಂಟು, ಹುಂಬತನವೂ ಉಂಟು. ಆದ್ದರಿಂದ ‘ಪಾಪ್ಲರ್‌ತನ’ವೇ ಸರಿ ಎಂದುಕೊಂಡಿದ್ದೇನೆ. ಊರಿನ ಹೆಸರಿಗೆ ‘-ತನ’ ಹತ್ತಿದ ಹಳೆಯ ಬಳಕೆ ಯಾವುದಾದರೂ ನಿಮ್ಮ ನೆನಪಿನಲ್ಲಿದ್ದರೆ, ಮತ್ತು ‘ವಂತಿಗೆ’ಗೆ ಕಡ್ಡಾಯದ ಅರ್ಥವಿರುವ ಹಳೆಯ ದಾಖಲೆಯೋ ಆಡುಮಾತೋ ತಿಳಿದಿದ್ದರೆ, ಯಾವ ಸೀಮೆಯದೆಂಬುದರೊಂದಿಗೆ ದಯವಿಟ್ಟು ಬರೆಯಿರಿ.